ಅಗಲಕ್ಕೆ ಆರು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಧಡಾರಕ್ಕ ಒಂದು ಪೆಟ್ಟಿಗೆಯನ್ನು ಒದೆಯುತ್ತಿದ್ದಳು. ಸುಮ್ಮನೆ ಕಾಲು ತಾಗಿಸುವ ಒದೆತವಲ್ಲ; ಹಿಂದೆ ಸರಿದು, ಓಡಿ ಬಂದು, ಬೂಟಿನ ಹಿಮ್ಮಡಿಯಿಂದ ಮೂಲೆಗೆ ಕೊಡುವ ಒದೆತ. ಪೆಟ್ಟಿಗೆ ಉರುಳಿ ಗೋಡೆಗೆ ಬಡಿಯಿತು. ಅದನ್ನು ಬಲಗೈ ಒಂದರಿಂದಲೇ ಎತ್ತಿ, ಸೊಂಟದೆತ್ತರದ ಕಬ್ಬಿಣದ ಚೌಕಟ್ಟಿನ ಮೇಲಿಟ್ಟು, ಕೊಂಡಿ ಎಳೆದಳು. ಹಲಗೆ ಕಳಚಿ ಪೆಟ್ಟಿಗೆ ಸಿಮೆಂಟ್ ನೆಲಕ್ಕೆ ಬಿತ್ತು. ಧಡಾರ್. ಮತ್ತೆ ಎತ್ತಿ ಈ ಸಲ ಅಂಚಿನ ಮೇಲೆ ಬೀಳುವಂತೆ ಇಟ್ಟಳು. ಧಡಾರ್. ಪಕ್ಕದ ಕೋಣೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದವಳೊಬ್ಬಳು ಬೆಚ್ಚಿ ಕುರ್ಚಿಯಿಂದೆದ್ದಳು. ಹಳಬರು ತಲೆ ಕೂಡ ಎತ್ತಲಿಲ್ಲ.

ಆ ಕಾರ್ಖಾನೆಯಲ್ಲಿ ಅಂಗಡಿಗಳಿಗೆ ಬೇಕಾದ ತೂಕದ ಯಂತ್ರ ತಯಾರಾಗುತ್ತದೆ. ಹೆಚ್ಚಿನ ಮಾಲು ಸಮುದ್ರ ದಾಟುತ್ತದೆ. ಯಂತ್ರದ ಹೊಟ್ಟೆಯಲ್ಲಿ ಹೆಬ್ಬೆರಳಿನ ದಪ್ಪದ ಒಂದು ಅಲ್ಯೂಮಿನಿಯಂ ತುಂಡಿರುತ್ತದೆ. ತೂಕವನ್ನು ಹೊರುವುದು ಅದೇ. ದಾರಿಯಲ್ಲಿ ಯಾರೋ ಪೆಟ್ಟಿಗೆಯನ್ನು ಎತ್ತಿ ಒಗೆದು, ಆ ತುಂಡು ಒಂದು ಕೂದಲೆಳೆಯಷ್ಟು ಬಾಗಿದರೆ ಸಾಕು, ಯಂತ್ರ ಸುಳ್ಳು ಹೇಳಲು ಶುರುಮಾಡುತ್ತದೆ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಹಾಗಾಗಿ ದಾರಿಯಲ್ಲಿ ಬೀಳಬಹುದಾದ ಏಟುಗಳನ್ನೆಲ್ಲ ಮೊದಲೇ ಕೊಟ್ಟು ನೋಡಲು ಒಬ್ಬರು ಬೇಕು. ಧಡಾರಕ್ಕ ಒದೆಯುತ್ತಾಳೆ, ಬೀಳಿಸುತ್ತಾಳೆ, ಮೇಲೆ ಹತ್ತಿ ಕುಣಿಯುತ್ತಾಳೆ. ಆಮೇಲೆ ಪೆಟ್ಟಿಗೆ ಬಿಚ್ಚಿ, ಯಂತ್ರವನ್ನು ಹೊರತೆಗೆದು, ಅದರ ಮೇಲೆ ಹಿತ್ತಾಳೆಯ ತೂಕದ ಬಟ್ಟು ಇಟ್ಟು ನೋಡುತ್ತಾಳೆ. ಸರಿಯಾದ ತೂಕ ತೋರಿಸಿದರೆ ಪಾಸು. ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇದೆ.

ಎಡಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಮೊದಲು ಏಳುತ್ತಿತ್ತು.

ಅವಳ ಅಪ್ಪ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಸಂಜೆ ಮನೆಗೆ ಬಂದವನೇ ಕೈಗೆ ಸಿಕ್ಕಿದ್ದರಿಂದ ಹೊಡೆಯುತ್ತಿದ್ದ: ಬೆಲ್ಟು, ಚಪ್ಪಲಿ, ಒಂದು ಸಲ ಬಾಗಿಲ ಅಗುಳಿ. ಅಪ್ಪನ ಚಪ್ಪಲಿಯ ಸದ್ದು ಕೇಳಿದೊಡನೆ ಅಣ್ಣ ತಂಗಿಯನ್ನು ಮಂಚದ ಕೆಳಗೆ ತಳ್ಳಿ, ತಾನು ಮಂಚದ ಮುಂದೆ ನಿಲ್ಲುತ್ತಿದ್ದ. ಅಗುಳಿಯ ಗುರುತು ಅವನ ಬೆನ್ನಿನ ಮೇಲೆ ಈಗಲೂ ಇದೆ. ಆದರೆ ಅಪ್ಪನಿಂದ ಬಂದದ್ದನ್ನು ಅವನು ತನ್ನಲ್ಲೇ ಇಟ್ಟುಕೊಳ್ಳುವವನಾಗಿರಲಿಲ್ಲ. ಮರುದಿನ ಒಂದಿಷ್ಟನ್ನು ತಂಗಿಗೆ ದಾಟಿಸುತ್ತಿದ್ದ. ಹಿತ್ತಿಲ ಗೋಡೆಯ ಮೇಲೆ ಕೂತು ಯಾವುದೋ ಮಾತಿಗೆ ಜಗಳವಾದಾಗ ಅವಳನ್ನು ಎರಡೂ ಕೈಯಿಂದ ನೂಕಿದ. ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ಗದ್ದ ಸೀಳಿತು. ಅಮ್ಮ ಓಡಿ ಬಂದು ಸೆರಗನ್ನು ಒತ್ತಿ ಹಿಡಿದು, "ಏನಾಯ್ತೇ?" ಎಂದು ಕೇಳಿದಳು.

"ಜಾರಿದೆ ಅಮ್ಮ."

ನಿಜ ಹೇಳಿದ್ದರೆ ಸಂಜೆ ಅಪ್ಪ ಅವನ ಮೂಳೆ ಮುರಿಯುತ್ತಿದ್ದ. ಅದು ಆರು ವರ್ಷದ ಹುಡುಗಿಗೂ ಗೊತ್ತಿತ್ತು. ಗದ್ದದ ಹೊಲಿಗೆ ಬಿಚ್ಚುವವರೆಗೆ ಅಣ್ಣ ಅವಳನ್ನು ಬೆನ್ನಿನ ಮೇಲೆ ಹೊತ್ತು ಶಾಲೆಗೆ ಬಿಟ್ಟುಬಂದ. ನೆಟ್ಟಗಿದ್ದ ಕಾಲಿಗೆ ಈ ಸೇವೆ ಏಕೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ದೊಡ್ಡವಳಾದ ಮೇಲೆ ಮದುವೆಯಾಯಿತು; ಎರಡು ವರ್ಷವೂ ನಿಲ್ಲಲಿಲ್ಲ. ಕಾರಣ ಕೇಳಿದವರಿಗೆ, "ಅವನದ್ದೂ ಬೀಳಿಸೋ ಕೆಲಸವೇ. ಆದ್ರೆ ಬಿದ್ದೋಳಿಗೆ ಸಂಬಳ ಇರಲಿಲ್ಲ" ಎನ್ನುತ್ತಾಳೆ. ವಿಷಯ ತಿಳಿದ ದಿನವೇ ಅಣ್ಣ ಹೋಗಿ, ಅವಳ ಗಂಡನ ಮುಂದಿನ ಹಲ್ಲುಗಳನ್ನು ಅವನ ಮನೆಯ ಹೊಸ್ತಿಲ ಮೇಲೇ ಉದುರಿಸಿ, ತಂಗಿಯನ್ನು ಕರೆತಂದ. ತಾನು ಲೋಡಿಂಗ್ ಮಾಡುತ್ತಿದ್ದ ಕಾರ್ಖಾನೆಯಲ್ಲೇ ಅವಳಿಗೂ ಪ್ಯಾಕಿಂಗ್ ಕೆಲಸ ಕೊಡಿಸಿದ. ಪೆಟ್ಟಿಗೆ ಬೀಳಿಸುತ್ತಿದ್ದ ಮುದುಕ ನಿವೃತ್ತನಾದಾಗ ಆ ಜಾಗ ಅವಳಿಗೆ ಬಂತು.

ಅಣ್ಣನನ್ನು ಎಲ್ಲರೂ ಗೂಳಿ ಎನ್ನುತ್ತಿದ್ದರು. ಅವನ ಕೈಕೆಳಗೆ ಎಂಟು ಮಂದಿಯ ಗುಂಪು. ಪೆಟ್ಟಿಗೆಗಳನ್ನು ಹಡಗಿಗೆ ಹೋಗುವ ಕಂಟೇನರಿಗೆ ತುಂಬುವುದು ಅವರ ಕೆಲಸ. ಕಂಟೇನರಿಗೆ ಅವರು ಡಬ್ಬಿ ಎನ್ನುತ್ತಾರೆ. ಕೂಲಿ ಡಬ್ಬಿಗೆ ಇಷ್ಟು ಅಂತ.

ಲೋಡಿಂಗ್ ಕಟ್ಟೆಯ ಮೇಲೆ ಧಡಾರಕ್ಕನದ್ದೊಂದು ಖ್ಯಾತಿಯಿತ್ತು. ಒಂದು ದಿನ ಲಾರಿಯಿಂದ ಪೆಟ್ಟಿಗೆ ಬಿದ್ದು ಒಡೆದಿತ್ತು. "ಜಾರ್ತು ಅಕ್ಕಾ" ಎಂದ ಗುಂಪಿನ ಕುಳ್ಳ. ಅವಳು ಲಾರಿಯನ್ನು ನೋಡಿದಳು, ನೆಲದ ಮೇಲಿನ ಪೆಟ್ಟಿಗೆಯನ್ನು ನೋಡಿದಳು.

"ಜಾರಿದ್ದು ಬುಡದಲ್ಲಿ ಬೀಳುತ್ತೆ, ತಳ್ಳಿದ್ದು ದೂರ ಬೀಳುತ್ತೆ. ಇದೇನು ಲಾರಿಯಿಂದ ಇಳಿದು ವಾಕಿಂಗ್ ಹೋಯ್ತಾ?"

ಎಲ್ಲರೂ ನಕ್ಕರು. ಗೂಳಿಯೂ ನಕ್ಕ, ನಕ್ಕು ಕುಳ್ಳನ ಬೆನ್ನಿಗೊಂದು ಗುದ್ದಿದ. "ನಿನ್ನ ತಂಗಿ ಪೊಲೀಸ್ ಆಗ್ಬೇಕಿತ್ತಣ್ಣ" ಎಂದ ಕುಳ್ಳ, ಬೆನ್ನು ಉಜ್ಜಿಕೊಳ್ಳುತ್ತ. ಅಂದಿನಿಂದ ಅದು ಕಟ್ಟೆಯ ಗಾದೆಯಾಯಿತು. ಯಾರಾದರೂ ನೆಪ ಹೇಳಿದರೆ, "ಬುಡದಲ್ಲಾ, ದೂರನಾ?" ಎಂದು ಕೇಳುತ್ತಿದ್ದರು.

ಹಡಗಿನ ಬಾಡಿಗೆ ಮೂರು ಪಟ್ಟಾದ ವರ್ಷ ಕಾರ್ಖಾನೆಯ ನಗು ನಿಂತಿತು. ಹೊರದೇಶದ ಖರೀದಿದಾರರು, ಸಾಗಣೆಯ ಖರ್ಚು ಇಳಿಯದಿದ್ದರೆ ಬೇರೆಯವರಿಂದ ಕೊಳ್ಳುತ್ತೇವೆಂದು ಬರೆದರು. ಎಕ್ಸ್‌ಪೋರ್ಟ್ ಸಾಹೇಬ ತೆಳ್ಳಗಿನ ಮನುಷ್ಯ. ಹೊಟ್ಟೆಯುರಿಯ ಮಾತ್ರೆಯನ್ನು ಕಡಲೆಯಂತೆ ಅಗಿಯುತ್ತಿದ್ದ. ಅವನು ಧಡಾರಕ್ಕನನ್ನು ಅರ್ಧ ತುಂಬಿದ ಕಂಟೇನರಿನೊಳಗೆ ಕರೆದುಕೊಂಡು ಹೋದ.

"ಹಡಗಿನವರ ಜೊತೆ ಚೌಕಾಸಿ ಆಯ್ತಮ್ಮ, ಬೇರೆ ಬಂದರು ನೋಡಿದ್ದಾಯ್ತು, ನಿಧಾನದ ಹಡಗು ಹಿಡಿದದ್ದೂ ಆಯ್ತು. ಇನ್ನು ಉಳಿದಿರೋದು ಇದು" ಎಂದು ಪೆಟ್ಟಿಗೆಗಳ ಸಾಲಿಗೂ ತಗಡಿನ ಗೋಡೆಗೂ ನಡುವಿನ ಸಂದಿಗೆ ಕೈ ಹಾಕಿ ತೋರಿಸಿದ. "ಗಾಳಿ. ಡಬ್ಬಿ ಪೂರ್ತಿ ತುಂಬಿದ್ರೂ ಅಷ್ಟೇ ಬಾಡಿಗೆ, ತುಂಬದಿದ್ರೂ ಅಷ್ಟೇ. ನಾವು ಈ ಗಾಳಿಗೆ ಬಾಡಿಗೆ ಕಟ್ಟಿ ಸಮುದ್ರ ದಾಟಿಸ್ತಿದ್ದೀವಿ."

ಪೆಟ್ಟಿಗೆ ನಲವತ್ನಾಲ್ಕು ಸೆಂಟಿಮೀಟರ್ ಅಗಲವಿತ್ತು. ಕಂಟೇನರಿನ ಅಗಲಕ್ಕೆ ಐದು ಕೂರುತ್ತಿದ್ದವು. ಮಿಕ್ಕ ಸಂದಿಯಲ್ಲಿ ಒಂದು ಬೆಕ್ಕು ಆರಾಮವಾಗಿ ಮಲಗಬಹುದಿತ್ತು. ಆರು ಕೂರಬೇಕಾದರೆ ಪೆಟ್ಟಿಗೆ ಮೂವತ್ತೆಂಟೂವರೆಗೆ ಇಳಿಯಬೇಕು. ನಡುವೆ ಎಲ್ಲಿ ನಿಂತರೂ ಒಂದು ಪೈಸೆ ಉಳಿಯುವುದಿಲ್ಲ. ಅಗಲಕ್ಕೆ ಐದೂವರೆ ಪೆಟ್ಟಿಗೆ ಇಡಲಾಗುವುದಿಲ್ಲವಲ್ಲ. ಯಂತ್ರವನ್ನು ಕುಗ್ಗಿಸುವಂತಿಲ್ಲ. ಕುಗ್ಗಬೇಕಾದದ್ದು ಅದರ ಸುತ್ತಲಿನ ಥರ್ಮಾಕೋಲು, ಅದೂ ಅರ್ಧಕ್ಕಿಂತ ಕಡಿಮೆಗೆ. ಅಗಲಕ್ಕೆ ಆರು ಬಂದರೆ ಆರು ಕಂಟೇನರಿನ ಮಾಲು ಐದರಲ್ಲಿ ಹೋಗುತ್ತದೆ, ಖರೀದಿದಾರ ಉಳಿಯುತ್ತಾನೆ. ಬಾರದಿದ್ದರೆ ಪ್ಯಾಕಿಂಗಿನ ಹೆಂಗಸರಿಂದ ಹಿಡಿದು ಲೋಡಿಂಗಿನ ಗಂಡಸರವರೆಗೆ ಎಲ್ಲರೂ ಮನೆಗೆ.

ಅವಳು ಸಣ್ಣ ಪೆಟ್ಟಿಗೆಗಳನ್ನು ಕಟ್ಟಿಸಿ ಬೀಳಿಸತೊಡಗಿದಳು. ಬೆಳಗಿನಿಂದ ಸಂಜೆಯವರೆಗೆ ಧಡಾರ್, ಧಡಾರ್. ಪ್ರತಿ ಪೆಟ್ಟಿಗೆಯೂ ಮುಖ, ಅಂಚು, ಮೂಲೆ ಎಂದು ಎಲ್ಲ ಕಡೆಯಿಂದ ಸರದಿಯಲ್ಲಿ ಬೀಳುತ್ತಿತ್ತು. ಕೊನೆಗೆ ಬಟ್ಟು ಇಟ್ಟರೆ ಯಂತ್ರ ಕೆಟ್ಟಿರುತ್ತಿತ್ತು. ಯಾವ ಏಟಿಗೆ ಕೆಟ್ಟಿತೆಂದು ತಿಳಿಯುತ್ತಿರಲಿಲ್ಲ. ಅವಳು ಪೆಟ್ಟಿಗೆಗಳನ್ನು ಇನ್ನೂ ಸಿಟ್ಟಿನಿಂದ ಒದ್ದಳು. ಸಿಟ್ಟಿಗೂ ಅದು ತಿಳಿಯಲಿಲ್ಲ.

ಒಂದು ಭಾನುವಾರ ಗೂಳಿ ಅವಳೂ ಅಮ್ಮನೂ ಇದ್ದ ಮನೆಗೆ ಬಂದ.

"ಊಟ ಆಯ್ತಾ?" ಜಗಳಕ್ಕೆ ಬಂದಾಗಲೆಲ್ಲ ಅವನು ಶುರುಮಾಡುತ್ತಿದ್ದುದು ಹೀಗೇ.

"ಆಯ್ತು. ವಿಷಯಕ್ಕೆ ಬಾ."

"ಆ ಸಣ್ಣ ಪೆಟ್ಟಿಗೆ ಪಾಸಾದ್ರೆ ಆರು ಡಬ್ಬಿ ಇದ್ದದ್ದು ಐದಾಗುತ್ತೆ. ಒಡಹುಟ್ಟಿದವನ ಹೊಟ್ಟೆ ಮೇಲೆ ಹೊಡೀತೀಯಾ?"

"ಪಾಸಾಗಿಲ್ವಲ್ಲ ಇನ್ನೂ."

"ಆಗದ ಹಾಗೆ ನೋಡ್ಕೋ. ನೀನು ಹೊಡೆದ ಹಾಗೆ ಮಾಡು, ಅದು ಅತ್ತ ಹಾಗೆ ಮಾಡುತ್ತೆ. ಇನ್ನೊಂದು ಗೇಣು ಮೇಲಿಂದ ಬಿಟ್ರೆ ಯಾರಿಗೆ ಗೊತ್ತಾಗುತ್ತೆ?"

"ನನಗೆ."

"ದೊಡ್ಡ ಹರಿಶ್ಚಂದ್ರನ ಮೊಮ್ಮಗಳು!"

"ಆ ಅಪ್ಪನ ಮಗ ನೀನು, ಮಗಳು ನಾನು. ಹರಿಶ್ಚಂದ್ರ ಎಲ್ಲಿಂದ ಬಂದ?"

ಅಡುಗೆಮನೆಯಿಂದ ಅಮ್ಮನ ದನಿ ಬಂತು: "ಅಣ್ಣ ಹೇಳಿದ್ದು ಕೇಳೇ. ನಿನ್ನನ್ನ ಕೆಲಸಕ್ಕೆ ಸೇರಿಸಿದ್ದೇ ಅವನು."

"ಖರೀದಿದಾರ ಹೋದ್ರೆ ಐದು ಡಬ್ಬಿನೂ ಇಲ್ಲಮ್ಮ" ಎಂದಳು.

ಗೂಳಿ ಎದ್ದು ಕಾಲ ಬಳಿಯಿದ್ದ ಸ್ಟೂಲನ್ನು ಗೋಡೆಗೆ ಎಸೆದ. ಒಂದು ಕಾಲು ಮುರಿದು ಒಲೆಯವರೆಗೆ ಉರುಳಿತು. ಅಭ್ಯಾಸಬಲದಿಂದ ಅವಳು ಅದು ಮೊದಲು ಎಲ್ಲಿ ತಾಗಿತೆಂದು ನೋಡಿದಳು.

ಮರುವಾರ ಮಧ್ಯಾಹ್ನ, ಊಟದ ಗಂಟೆ ಬಾರಿಸಿದ ಹೊತ್ತಿಗೆ, ಗುಂಪಿನ ಎಂಟೂ ಜನ ಗೂಳಿಯ ಹಿಂದೆ ಪರೀಕ್ಷೆಯ ಶೆಡ್ಡಿಗೆ ನುಗ್ಗಿದರು. ಹೊಸದಾಗಿ ಕಟ್ಟಿಟ್ಟ ಸಣ್ಣ ಪೆಟ್ಟಿಗೆಗಳ ರಾಶಿ ಅಲ್ಲಿತ್ತು. ಸಾಹೇಬನನ್ನೂ ಯಾರೋ ತೋಳು ಹಿಡಿದು ಎಳೆದುತಂದಿದ್ದರು. "ನೋಡಿ ಸಾರ್, ನಿಮ್ಮ ಪೆಟ್ಟಿಗೆ ಎಷ್ಟು ಗಟ್ಟಿ ಅಂತ!" ಎಂದು ಗೂಳಿ ಮೊದಲನೆಯದನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ರಟ್ಟು ಸೀಳಿ, ಯಂತ್ರದ ಗಾಜು ಪುಡಿಯಾಗಿ ಚೆಲ್ಲಿತು. ಮಿಕ್ಕವರು ಕೂಗುತ್ತ ಶುರುಮಾಡಿದರು. ಕುಳ್ಳ ಒಂದನ್ನು ಚೌಕಟ್ಟಿಗೇ ಬೀಸಿದ, ಕೊಂಡಿ ಬಾಗಿತು. ಅಡ್ಡ ಬಂದ ಕಾವಲುಗಾರನ ಮುಖಕ್ಕೆ ಮೊಣಕೈ ಬಿತ್ತು. ಅವನು ಮೂಗು ಹಿಡಿದು ಕೂತಲ್ಲೇ ಅಂಗಿ ಕೆಂಪಾಯಿತು. ಸಾಹೇಬ ಮೇಜಿನ ಹಿಂದೆ ಸೇರಿಕೊಂಡ. ಧಡಾರಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅವಳ ತಲೆಯ ಪಕ್ಕದಲ್ಲೇ ಒಂದು ಪೆಟ್ಟಿಗೆ ಬಂದು ಬಡಿದು, ಚೂರೊಂದು ಕೆನ್ನೆ ಗೀರಿತು. ಅವಳು ಕಣ್ಣು ಮುಚ್ಚಲಿಲ್ಲ.

ಎಲ್ಲ ಮುಗಿದ ಮೇಲೆ ಅವಳು ರಾಶಿಯ ನಡುವೆ ಮಂಡಿಯೂರಿ, ಒಂದೊಂದೇ ಪೆಟ್ಟಿಗೆಯನ್ನು ತಿರುಗಿಸಿ ನೋಡತೊಡಗಿದಳು.

"ಏನೇ, ಅಳ್ತಿದ್ದೀಯಾ?" ಗೂಳಿ ಏದುಸಿರು ಬಿಡುತ್ತ ಕೇಳಿದ.

"ಇಲ್ಲಣ್ಣ. ಎಣಿಸ್ತಿದ್ದೀನಿ."

ಹೆಚ್ಚುಕಡಿಮೆ ಎಲ್ಲ ಪೆಟ್ಟಿಗೆಗಳೂ ಒಂದೇ ಮೂಲೆಯಲ್ಲಿ ಸತ್ತಿದ್ದವು. ಕೆಳಗಿನ ಬಲಮೂಲೆ. ಉಳಿದ ಕಡೆ ಆ ತೆಳು ಥರ್ಮಾಕೋಲೇ ತಡೆದುಕೊಂಡಿತ್ತು. ಗುಂಪಿನವರು ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಅಪ್ಪಿ ಎತ್ತಿದ್ದನ್ನು ಅವಳು ಒಂದು ಸಲವೂ ನೋಡಿರಲಿಲ್ಲ. ಪೆಟ್ಟಿಗೆಯ ಸುತ್ತ ಬಿಗಿದ ಪ್ಲಾಸ್ಟಿಕ್ ಪಟ್ಟಿಗೆ ಬೆರಳು ತೂರಿಸಿ, ಬೀಸಿ ಒಗೆಯುತ್ತಿದ್ದರು. ದಿನಾ ಡಬ್ಬಿ ತುಂಬುವಾಗಲೂ ಹೀಗೇ. ಆ ಪಟ್ಟಿ ಪೆಟ್ಟಿಗೆಯ ನಡುವೆ ಇರಲಿಲ್ಲ, ಎಡಕ್ಕೆ ಸರಿದಿತ್ತು. ಹಾಗಾಗಿ ಪೆಟ್ಟಿಗೆ ವಾಲಿ ನೇತಾಡಿ, ಬಿದ್ದಾಗಲೆಲ್ಲ ಬಲಮೂಲೆಯ ಮೇಲೇ ಬೀಳುತ್ತಿತ್ತು. ಪಟ್ಟಿಯನ್ನು ಎಡಕ್ಕೆ ಕಟ್ಟುತ್ತಿದ್ದವರು ಪ್ಯಾಕಿಂಗಿನ ಹೆಂಗಸರು. ನಡುವೆ ಕಟ್ಟಿದರೆ ಅಲ್ಲಿ ಅಂಟಿಸಿದ ಚೀಟಿ ಮುಚ್ಚಿಹೋಗುತ್ತದೆ ಎಂಬ ಕಾಳಜಿ ಅವರಿಗೆ. ಚೀಟಿಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿದ್ದುದು: ನಾಜೂಕು, ಜೋಪಾನ.

ಅಷ್ಟು ವರ್ಷ ಯಂತ್ರಗಳನ್ನು ಕೆಡಿಸಿದ್ದು ಆ ಜೋಪಾನದ ಚೀಟಿಯೇ. ಧಡಾರಕ್ಕ ಗಾಜಿನ ಪುಡಿಯ ನಡುವೆ ಕೂತು ನಗತೊಡಗಿದಳು. ಕೆನ್ನೆಯ ರಕ್ತ ಬಾಯಿಗೆ ಇಳಿಯಿತು. ಗೂಳಿಗೆ ಭಯವಾಯಿತು.

ಚೀಟಿ ಪಕ್ಕಕ್ಕೆ ಹೋಯಿತು, ಪಟ್ಟಿ ನಡುವಿಗೆ ಬಂತು. ಕೆಳಗಿನ ಮೂಲೆಗಳಿಗೆ ಗಟ್ಟಿ ರಬ್ಬರಿನ ತುಂಡು ಕೂತಿತು. ಹೊಸ ಪೆಟ್ಟಿಗೆಯನ್ನು ಅವಳು ಚೌಕಟ್ಟಿನಿಂದ ಬೀಳಿಸಿದಳು, ಒದ್ದಳು, ಪಟ್ಟಿ ಹಿಡಿದು ಗುಂಪಿನವರಂತೆಯೇ ಬೀಸಿ ಗೋಡೆಗೆ ಒಗೆದಳು. ಬಟ್ಟು ಇಟ್ಟರೆ ತೂಕ ಸರಿಯಾಗಿತ್ತು. ಅಗಲಕ್ಕೆ ಆರು.

ಅಂದೇ ಅವಳು ಸಾಹೇಬನ ಕೋಣೆಗೆ ಹೋದಳು. "ಸಾರ್, ಲೋಡಿಂಗ್ ಕೂಲಿನ ಡಬ್ಬಿ ಲೆಕ್ಕ ಬಿಟ್ಟು ಪೆಟ್ಟಿಗೆ ಲೆಕ್ಕಕ್ಕೆ ಮಾಡಿ. ಪೆಟ್ಟಿಗೆ ಅಷ್ಟೇ ಇರುತ್ತೆ, ಅವರ ಕೂಲಿನೂ ಅಷ್ಟೇ ಉಳಿಯುತ್ತೆ. ಉಳಿತಾಯ ಹಡಗಿನ ಬಾಡಿಗೆಲಿ ತಾನೇ ಬರೋದು."

"ಸರಿಯಾದ ಮಾತು. ನೋಡೋಣ" ಎಂದ ಸಾಹೇಬ, ಇನ್ನೊಂದು ಮಾತ್ರೆ ಬಾಯಿಗೆ ಹಾಕಿಕೊಂಡು.

ನೋಡಲಿಲ್ಲ. ಶೆಡ್ಡು ಒಡೆದವರಿಗೆ ಈಗಲೇ ಬಗ್ಗಬಾರದೆಂದು ಮೇಲಿನವರು ಹೇಳಿದರಂತೆ. ಹಡಗಿನ ದಿನ ಹತ್ತಿರವಿದ್ದುದರಿಂದ ಅವರನ್ನು ಕೆಲಸದಿಂದ ತೆಗೆಯಲೂ ಇಲ್ಲ.

ಹೊಸ ಪೆಟ್ಟಿಗೆಗಳ ಮೊದಲ ಕಂಟೇನರ್ ತುಂಬುವ ದಿನ ಧಡಾರಕ್ಕ ಕಟ್ಟೆಯ ಮೇಲೆ ನಿಂತಿದ್ದಳು. ಐದನೆಯದರ ಪಕ್ಕ ಆರನೆಯ ಪೆಟ್ಟಿಗೆ ಹಿಡಿಯುತ್ತಿರಲಿಲ್ಲ. ಕುಳ್ಳ ಬೇಕೆಂದೇ ಸೊಟ್ಟಗೆ ಇಡುತ್ತಿದ್ದ. ಅವಳು ಒಳಗೆ ಹೋಗಿ ಸಾಲನ್ನು ಭುಜದಿಂದ ಒತ್ತಿ, ಆರನೆಯದನ್ನು ಒದ್ದು ಕೂರಿಸಿದಳು. ಸಂದಿ ಮುಚ್ಚಿತು. ಹೊರಗೆ ಬಂದು ಕಟ್ಟೆಯ ಪಕ್ಕದ ಅಂಚಿನಲ್ಲಿ ನಿಂತು ಕೈ ಒರೆಸಿಕೊಂಡಳು.

"ಹಿಡೀತಲ್ಲ" ಎಂದಳು.

ಗೂಳಿ ಬಂದ. ಅವನ ಮುಖದಲ್ಲಿ ಬಾಗಿಲ ಅಗುಳಿ ಹಿಡಿದ ಅಪ್ಪ ಇದ್ದ. "ತಿಂದ ತಟ್ಟೆಗೆ ಒದ್ದೆಯಲ್ಲೇ" ಎಂದವನೇ ಅವಳ ಎದೆಗೆ ಎರಡೂ ಕೈ ಕೊಟ್ಟು ನೂಕಿದ. ಅವಳ ಕಾಲು ನೆಲ ಬಿಟ್ಟಿತು. ಎದೆಯೆತ್ತರದ ಕಟ್ಟೆಯಿಂದ ಗಾಳಿಯಲ್ಲಿ ಹೋಗಿ ಎಡಭುಜದ ಮೇಲೆ ಬಿದ್ದಳು. ಮುಖವಲ್ಲ, ಅಂಚಲ್ಲ, ಮೂಲೆ. ಮೂಳೆ ಮುರಿದ ಸದ್ದು ಕಂಟೇನರಿನೊಳಗಿದ್ದವರಿಗೂ ಕೇಳಿಸಿತು. ತೋಳಿನ ಚರ್ಮ ಹರಿದು ಬಿಳಿಯದೇನೋ ಹೊರಗೆ ಕಂಡಿತು. ಯಾರೂ ಕೆಳಗಿಳಿಯಲಿಲ್ಲ. ಮೊದಲು ಇಳಿದವನು ಗೂಳಿಯೇ. ಇಳಿದು ಅವಳ ಪಕ್ಕ ಕೂತು ತನ್ನ ತಲೆಯನ್ನು ಕಟ್ಟೆಯ ಗೋಡೆಗೆ ಚಚ್ಚಿಕೊಂಡ, ರಕ್ತ ಬರುವವರೆಗೆ.

ಅಂಗಳಕ್ಕೆ ಚೌಕದ ಸಿಮೆಂಟ್ ಕಲ್ಲು ಹಾಸಿತ್ತು. ನೋವಿನಲ್ಲಿ ಪ್ರಜ್ಞೆ ಹೋಗದಿರಲೆಂದು ಅವಳು ಕಟ್ಟೆಯ ಬುಡದಿಂದ ತನ್ನ ಭುಜದವರೆಗೆ ಕಲ್ಲುಗಳನ್ನು ಎಣಿಸುತ್ತ ಮಲಗಿದ್ದಳು. ಅದೇ ಕಲ್ಲುಗಳ ಮೇಲೆ ಅವಳು ಎಷ್ಟೋ ಪೆಟ್ಟಿಗೆ ಬೀಳಿಸಿದ್ದಳು. ಒಂದೊಂದರ ಅಳತೆ ಗೊತ್ತಿತ್ತು.

ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದರು. ಇನ್ಸ್‌ಪೆಕ್ಟರ್ ಬರುವ ಮೊದಲೇ ಕುಳ್ಳ ಬಂದು, "ಜಾರಿದ್ದು ಅಂತ ಎಲ್ಲರೂ ಹೇಳಿದ್ದೀವಿ ಅಕ್ಕಾ" ಎಂದು, ಅವಳ ಕಣ್ಣು ನೋಡದೆ ಹೊರಟುಹೋದ. ಸಾಹೇಬ ಬಂದು, ಜಾರಿದ್ದಾದರೆ ಕಂಪನಿಗೂ ಒಳ್ಳೆಯದು ಎಂಬರ್ಥದ ಮಾತನ್ನು ಬಳಸಿ ಬಳಸಿ ಹೇಳಿದ. ಅಮ್ಮ ಹಾಸಿಗೆಯ ಪಕ್ಕ ಕೂತು ಅವಳ ಬಲಗೈ ಹಿಡಿದಳು.

"ಒಂದೇ ಹೊಟ್ಟೆಲಿ ಹುಟ್ಟಿದವರು. ಆವತ್ತು ಗೋಡೆಯಿಂದ ಬಿದ್ದಾಗ ಏನು ಹೇಳಿದೆಯೋ ಅದನ್ನೇ ಹೇಳು."

ಧಡಾರಕ್ಕ ತಲೆ ತಿರುಗಿಸಿದಳು. "ನಿನಗೆ ಗೊತ್ತಿತ್ತಾ?"

"ಅಮ್ಮಂಗೆ ಗೊತ್ತಾಗಲ್ವಾ" ಎಂದಳು ಅಮ್ಮ. "ಬಾಯಿ ಮುಚ್ಕೊಂಡಿದ್ದೆ. ಅವನ ಮೂಳೆ ಉಳೀತು."

"ಉಳೀತು. ಅದಕ್ಕೇ ಇವತ್ತು ನಂದು ಹೋಯ್ತು."

ಮುಂದಿನದನ್ನು ಇಲ್ಲೇ ಹೇಳಿಬಿಡಬಹುದು. ಅವಳ ಉತ್ತರವನ್ನು ಇನ್ಸ್‌ಪೆಕ್ಟರಿಗೆ ಬಿಡಿಸಿ ಹೇಳುವ ಪ್ರಸಂಗ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗೂಳಿಗೆ ಅದು ತಕ್ಷಣ ಅರ್ಥವಾಯಿತು. ಅವನೇ ಮುಂದೆ ಬಂದು ಎರಡೂ ಕೈ ಚಾಚಿದ. ಒಂದು ವರ್ಷಕ್ಕೂ ಹೆಚ್ಚು ಜೈಲಿನಲ್ಲಿದ್ದ. ಅವನು ಹೋದ ವಾರವೇ ಕೂಲಿ ಪೆಟ್ಟಿಗೆ ಲೆಕ್ಕಕ್ಕೆ ಬದಲಾಯಿತು. ಅದಕ್ಕೆ ಬೇಕಿದ್ದುದು ಒಂದು ಸಹಿ ಮಾತ್ರ. ಅದು ಕೆಲವು ದಿನ ಮೊದಲು ಬಿದ್ದಿದ್ದರೆ ಒಂದು ಮೂಳೆ ಉಳಿಯುತ್ತಿತ್ತು. ಖರೀದಿದಾರರು ಉಳಿದರು. ಮಿಕ್ಕ ಎಂಟು ಮಂದಿ ಈಗಲೂ ಅಲ್ಲೇ ತುಂಬುತ್ತಾರೆ, ಅಗಲಕ್ಕೆ ಆರರಂತೆ. ಬಿಡುಗಡೆಯಾದ ದಿನ ಗೂಳಿ ಕಾರ್ಖಾನೆಯ ಗೇಟಿನ ಬಳಿ ಬಂದು ನಿಂತಿದ್ದ. ಧಡಾರಕ್ಕ ಹೊರಗೆ ಬಂದು, ಅವನ ಕೈ ತಲುಪದಷ್ಟು ದೂರದಲ್ಲಿ ನಿಂತು, "ಊಟ ಆಯ್ತಾ?" ಎಂದು ಕೇಳಿದಳು. ಅವನು ಇಲ್ಲವೆಂದ. ಅವಳು ತನ್ನ ಊಟದ ಡಬ್ಬಿಯನ್ನು ನಡುವಿನ ಕಲ್ಲಿನ ಮೇಲಿಟ್ಟು ಒಳಗೆ ಹೋದಳು.

ಆ ದಿನ ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಕೂತು, ಎಲ್ಲರನ್ನೂ ಒಂದು ಸಲ ನೋಡಿ, ಕೇಳಿದರು:

"ಕಾಲು ಜಾರಿತು ಅಂತ ಇವರೆಲ್ಲ ಹೇಳ್ತಿದ್ದಾರೆ. ನೀವೇನು ಹೇಳ್ತೀರಮ್ಮ?"

ಅಮ್ಮ ಅವಳ ಬೆರಳುಗಳನ್ನು ಅದುಮಿದಳು. ಬಾಗಿಲಲ್ಲಿ ಅಣ್ಣ ಹಣೆಗೆ ಬ್ಯಾಂಡೇಜು ಕಟ್ಟಿಕೊಂಡು ನಿಂತಿದ್ದ. ಅವನ ಹಿಂದೆ ಗುಂಪಿನ ಎಲ್ಲರೂ ಇದ್ದರು. ಬುಡದಲ್ಲಾ ದೂರನಾ ಎಂದು ದಿನಾ ನಗುತ್ತಿದ್ದವರು.

ಅವಳು ಅಣ್ಣನನ್ನೇ ನೋಡುತ್ತ, ಯಂತ್ರದ ರೀಡಿಂಗ್ ಓದುವಾಗಿನ ದನಿಯಲ್ಲಿ ಹೇಳಿದಳು:

"ಕಟ್ಟೆ ಬುಡದಿಂದ ನಾನು ಬಿದ್ದ ಜಾಗಕ್ಕೆ, ಸಾರ್, ನೂರಾ ನಲವತ್ತು ಸೆಂಟಿಮೀಟರ್."